ನೆತ್ತಿಗೆರೆಯ ಚರಿತ್ರೆ: ಪಠ್ಯ ಸಂಪಾದಕಗಳು ಯೂರೋಪಿನ ಅಕ್ಷರಗಳನ್ನು ಕಲಿತ ಬಗೆ

ರೋಮನ್ ಲಿಪಿಯ 26 ಅಕ್ಷರಗಳು ಇಂಗ್ಲಿಷಿನ ಬರವಣಿಗೆಗೆ ಸಾಕಾಗುತ್ತವೆಯಾದರೂ ಅದೇ ಲಿಪಿಯಲ್ಲಿ ಬರೆಯುವ ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಚೆಕ್, ಸ್ವೀಡಿಷ್ ಮೊದಲಾದ ಭಾಷೆಗಳಿಗೆ ಅವು ಸಾಲವು. ಈ ಕೊರತೆಯನ್ನು ತುಂಬಿಕೊಳ್ಳಲು ಆ ಭಾಷೆಗಳು ಬಹುಮಟ್ಟಿಗೆ ಹೊಸ ಅಕ್ಷರಗಳನ್ನು ಹುಟ್ಟಿಸಲು ಹೋಗದೆ, ಇದ್ದ ಅಕ್ಷರಗಳ ನೆತ್ತಿಗೋ ಬುಡಕ್ಕೋ ಗೆರೆ, ಚುಕ್ಕೆ, ಬಾಲಗಳನ್ನು ಕೂಡಿಸಿಕೊಂಡವು. ಬಲಕ್ಕೆ ಏರುವ ಓರೆಗೆರೆ, ಬಲಕ್ಕೆ ಇಳಿಯುವ ಓರೆಗೆರೆ, ಅಕ್ಕಪಕ್ಕದ ಎರಡು ಚುಕ್ಕೆ, ಬಳುಕುವ ಗೆರೆ ಇವನ್ನು ಈ ಬರಹದಲ್ಲಿ ಕ್ರಮವಾಗಿ ಏರುಗೆರೆ, ಇಳಿಗೆರೆ, ಜೋಡಿಚುಕ್ಕೆ, ಅಲೆಗೆರೆ ಎಂದು ಕರೆಯಲಾಗಿದೆ. ರೋಮನ್ ಅಕ್ಷರಗಳನ್ನು ಅವುಗಳ ಇಂಗ್ಲಿಷ್ ಹೆಸರಿನಿಂದಲೇ ಸೂಚಿಸಲಾಗಿದೆ. ಒಂದೇ ವ್ಯಂಜನಕ್ಕೆ ಗುಡಿಸು, ಕೊಂಬು, ಏತ್ವಗಳನ್ನು ಸೇರಿಸಿ ಕಾಗುಣಿತ ಬರೆಯುವ ಕನ್ನಡಿಗರಿಗೆ ಈ ಏರ್ಪಾಡು ಅಪರಿಚಿತವೇನಲ್ಲ.

ಕಂಪ್ಯೂಟರಿನಲ್ಲಿ ಪಠ್ಯವನ್ನು ಬರೆದು ತಿದ್ದುವ ತಂತ್ರಾಂಶಕ್ಕೆ ಪಠ್ಯ ಸಂಪಾದಕ, ಬಳಕೆಯ ಮಾತಿನಲ್ಲಿ ಎಡಿಟರ್, ಎಂದು ಹೆಸರು. ಇಂಥ ಎಡಿಟರುಗಳಲ್ಲಿ ಏರುಗೆರೆಯ ಇ ಒತ್ತಿದರೆ ಬೇರಾವುದೋ ಅಕ್ಷರ ಮೂಡುವುದು, ಏನೂ ಮೂಡದೆ ಬೇರೊಂದು ಆಜ್ಞೆಯೇ ಜಾರಿಯಾಗುವುದು, ಸರಿಯಾಗಿ ಮೂಡಿದ್ದು ಕಡತ ತೆರೆದಾಗ ಎರಡು ಅಕ್ಷರವಾಗಿ ಒಡೆದು ಕಾಣುವುದು ಇವೆಲ್ಲ ಕೆಲವು ದಶಕಗಳ ಕಾಲ ಯೂರೋಪಿನ ಬರಹಗಾರರನ್ನು ಕಾಡಿದ ತೊಂದರೆಗಳು. ಅವುಗಳ ಮೂಲವನ್ನು ಹುಡುಕುತ್ತ ಹೋದರೆ ಕಂಪ್ಯೂಟರಿಗಿಂತ ಬಹಳ ಹಿಂದಿನ ಎರಡು ಪ್ರಶ್ನೆಗಳು ಎದುರಾಗುತ್ತವೆ: ನೆತ್ತಿಯ ಗೆರೆ ಅಕ್ಷರದ ಅಂಗವೋ ಅಥವಾ ಅದರ ಮೇಲೆ ಬಂದು ಕೂತ ಬೇರೊಂದು ವಸ್ತುವೋ, ಮತ್ತು ಯಂತ್ರದಲ್ಲಿ ಅದಕ್ಕೆ ಜಾಗ ಎಷ್ಟಿದೆ. ಪ್ರತಿಯೊಂದು ಯಂತ್ರವೂ ಈ ಪ್ರಶ್ನೆಗಳಿಗೆ ತನ್ನದೇ ಉತ್ತರ ಕೊಟ್ಟಿತು. ಹಿಂದಿನ ಉತ್ತರ ಅಳಿಯುವ ಮೊದಲೇ ಮುಂದಿನದು ಅದರ ಮೇಲೆ ಬಂದು ಕೂತಿತು.

ಹಸ್ತಪ್ರತಿಗಳ ಕಾಲದಲ್ಲಿ ಈ ಚಿಹ್ನೆಗಳಲ್ಲಿ ಹಲವು ಪೂರ್ಣ ಅಕ್ಷರಗಳೇ ಆಗಿದ್ದವು. ಜರ್ಮನ್ ಭಾಷೆಯ ಜೋಡಿಚುಕ್ಕೆಯು ಸ್ವರದ ಮೇಲೆ ಚಿಕ್ಕದಾಗಿ ಬರೆಯುತ್ತಿದ್ದ ಇ ಅಕ್ಷರದ ಸವೆದ ರೂಪ. ಸ್ಪ್ಯಾನಿಷಿನ ಅಲೆಗೆರೆಯು ಒಂದು ಎನ್ ಮೇಲೆ ಏರಿ ಕೂತ ಇನ್ನೊಂದು ಎನ್. ಫ್ರೆಂಚರ ಸಿ ಅಕ್ಷರದ ಬಾಲವು ಚಿಕ್ಕ ಝಡ್‌ನ ಅವಶೇಷ. ಚೆಕ್ ಭಾಷೆಯಲ್ಲಿ ಅಕ್ಷರದ ಮೇಲೆ ಚಿಹ್ನೆಯಿಡುವ ಪದ್ಧತಿಯು 15ನೆಯ ಶತಮಾನದ ಆರಂಭದಲ್ಲಿ ರಚಿತವಾದ, ಯಾನ್ ಹೂಸ್ ಎಂಬ ಧರ್ಮಸುಧಾರಕನದೆಂದು ಹೇಳಲಾಗುವ ಕಾಗುಣಿತ ಗ್ರಂಥದಲ್ಲಿ ಕಾಣಿಸಿಕೊಂಡಿತು. ಫ್ರೆಂಚಿಗೆ ಇಂಥ ಚಿಹ್ನೆಗಳು ಬೇಕೆಂದು ಜೊಫ್ರುವಾ ತೊರಿ 1529ರ ತನ್ನ ಗ್ರಂಥದಲ್ಲಿ ವಾದಿಸಿದ. ಮುದ್ರಣಾಲಯಗಳಿಗೆ ಇದರಿಂದ ದೊಡ್ಡ ತೊಡಕೇನೂ ಆಗಲಿಲ್ಲ. ಏರುಗೆರೆಯ ಇ ಎಂಬುದಕ್ಕೆ ಒಂದು ಅಚ್ಚುಮೊಳೆ ಎರಕ ಹೊಯ್ದು ಮೊಳೆಪೆಟ್ಟಿಗೆಯಲ್ಲಿ ಇನ್ನೊಂದು ಖಾನೆ ಮಾಡಿದರೆ ಕೆಲಸ ಮುಗಿಯುತ್ತಿತ್ತು. ಗೆರೆ ಮತ್ತು ಅಕ್ಷರ ಎರಡೂ ಒಂದೇ ಲೋಹದ ತುಂಡಾಗಿದ್ದವು.

ಖಾನೆಗಳಿಗೆ ಮಿತಿ ಬಂದದ್ದು ಬೆರಳಚ್ಚು ಯಂತ್ರದೊಂದಿಗೆ. 1870ರ ದಶಕದಲ್ಲಿ ರೆಮಿಂಗ್ಟನ್ ಸಂಸ್ಥೆ ಮಾರುಕಟ್ಟೆಗೆ ತಂದ ಯಂತ್ರಗಳ ಕೀಲಿಮಣೆ ಇಂಗ್ಲಿಷಿಗಾಗಿ ಅಣಿಯಾದದ್ದು, ಮತ್ತು ಪ್ರತಿ ಚಿಹ್ನೆಯುಕ್ತ ಅಕ್ಷರಕ್ಕೂ ಒಂದೊಂದು ಕೀಲಿ ಕೊಡುವಷ್ಟು ಜಾಗ ಯಾವ ಯಂತ್ರದಲ್ಲೂ ಇರಲಿಲ್ಲ. ಈ ಇಕ್ಕಟ್ಟಿಗೆ ದೊರೆತ ಪರಿಹಾರವೇ ಸತ್ತ ಕೀಲಿ, ಅಂದರೆ ಡೆಡ್ ಕೀ. ಸಾಮಾನ್ಯ ಕೀಲಿಯನ್ನು ಒತ್ತಿದಾಗ ಅಕ್ಷರ ಮೂಡಿ ಕಾಗದದ ಬಂಡಿ ಒಂದು ಹೆಜ್ಜೆ ಸರಿಯುತ್ತದೆ. ಸತ್ತ ಕೀಲಿ ಒತ್ತಿದಾಗ ಗೆರೆ ಮೂಡುತ್ತದೆಯಾದರೂ ಬಂಡಿ ಅಲುಗುವುದಿಲ್ಲವಾದ್ದರಿಂದ ಮುಂದೆ ಒತ್ತಿದ ಅಕ್ಷರ ಅದೇ ಜಾಗದಲ್ಲಿ ಗೆರೆಯ ಕೆಳಗೆ ಬಂದು ನಿಲ್ಲುತ್ತದೆ. ಕೈಬರಹದಲ್ಲಿ ಮೊದಲು ಅಕ್ಷರ, ಆಮೇಲೆ ಗೆರೆ ಎಂದಿದ್ದ ಕ್ರಮ ಇಲ್ಲಿ ತಿರುಗುಮುರುಗಾಯಿತು. ಫ್ರಾನ್ಸಿನಲ್ಲಿ ಬಳಕೆಗೆ ಬಂದ ಅಝರ್ಟಿ ಕೀಲಿಮಣೆಯು ಹೆಚ್ಚು ಬೇಕಾಗುವ ಏರುಗೆರೆಯ ಇ, ಬಾಲದ ಸಿ ಮುಂತಾದವುಗಳಿಗೆ ಮೇಲಿನ ಸಾಲನ್ನು ಬಿಟ್ಟುಕೊಟ್ಟು ಅಂಕಿಗಳನ್ನು ಶಿಫ್ಟ್ ಕೀಲಿಯ ಆಶ್ರಯಕ್ಕೆ ತಳ್ಳಿತು. ಆದರೆ ಅದೇ ಅಕ್ಷರಗಳ ದೊಡ್ಡ ರೂಪಕ್ಕೆ ಜಾಗ ಉಳಿಯದ್ದರಿಂದ, ದೊಡ್ಡಕ್ಷರಕ್ಕೆ ಚಿಹ್ನೆ ಬೇಕಿಲ್ಲ ಎಂಬ ನಂಬಿಕೆ ಕಚೇರಿಗಳಲ್ಲಿ ನಿಯಮದಂತೆ ಬೇರೂರಿತು. ಈ ಕೊರತೆಯ ಬಾಳಿಕೆ ಎಷ್ಟೆಂದರೆ, ರೂಢಿಯ ಕೀಲಿಮಣೆಯಲ್ಲಿ ಫ್ರೆಂಚನ್ನು ಸರಿಯಾಗಿ ಬರೆಯುವುದು ಅಸಾಧ್ಯಪ್ರಾಯವಾಗಿದೆ ಎಂದು ಆ ದೇಶದ ಸಂಸ್ಕೃತಿ ಸಚಿವಾಲಯ 2016ರಲ್ಲಿ ಆಕ್ಷೇಪಿಸಿತು. ರಾಷ್ಟ್ರೀಯ ಮಾನಕ ಸಂಸ್ಥೆಯಾದ ಅಫ್ನಾರ್ ತಿದ್ದಿದ ಕೀಲಿಮಣೆಯನ್ನು ಪ್ರಕಟಿಸಿದ್ದು 2019ರಲ್ಲಿ.

ತಂತಿಯ ಲೋಕದಲ್ಲಿ ಗೆರೆಗಳಿಗೆ ಸ್ವಲ್ಪ ಹೆಚ್ಚಿನ ಮನ್ನಣೆಯಿತ್ತು. 1848ರಲ್ಲಿ ಜರ್ಮನಿಯ ಫ್ರೀಡ್ರಿಖ್ ಗೆರ್ಕೆ ಮೋರ್ಸ್ ಸಂಕೇತವನ್ನು ಪರಿಷ್ಕರಿಸಿದಾಗ ಜೋಡಿಚುಕ್ಕೆಯ ಸ್ವರಗಳಿಗೂ ಸಂಕೇತ ಕೊಟ್ಟ. ಏರುಗೆರೆಯ ಇ ಇಂದಿಗೂ ಅಂತರರಾಷ್ಟ್ರೀಯ ಮೋರ್ಸ್ ಪಟ್ಟಿಯಲ್ಲಿದೆ. ಫ್ರಾನ್ಸಿನ ಎಮಿಲ್ ಬೋದೋ 1874ರಲ್ಲಿ ಹಕ್ಕುಪತ್ರ ಪಡೆದ ಐದು ಬಿಟ್‌ಗಳ ಸಂಕೇತದಲ್ಲಿಯೂ ಆ ಅಕ್ಷರಕ್ಕೆ ಒಂದು ಸ್ಥಾನವಿತ್ತು. ಬಿಟ್ ಎಂದರೆ ಸೊನ್ನೆ ಅಥವಾ ಒಂದು ಎಂಬ ಎರಡೇ ಸ್ಥಿತಿಯ ಗುರುತು. ಐದು ಬಿಟ್‌ಗಳಿಂದ 32 ಬಗೆಯ ಜೋಡಣೆ ಮಾತ್ರ ಸಾಧ್ಯ. ಅಷ್ಟು ಕಿರಿದಾದ ಮನೆಯಲ್ಲಿಯೂ ಫ್ರೆಂಚನೊಬ್ಬ ತನ್ನ ಭಾಷೆಯ ಅಕ್ಷರಕ್ಕೆ ಮಣೆ ಹಾಕಿದ್ದನು; ಸಂಕೇತವನ್ನು ಯಾರು ರಚಿಸುತ್ತಾರೆ ಎಂಬುದು ಯಾವ ಅಕ್ಷರ ಉಳಿಯುತ್ತದೆ ಎಂಬುದನ್ನು ನಿರ್ಧರಿಸುತ್ತದೆ ಎನ್ನುವುದಕ್ಕೆ ಇದೊಂದು ಹಳೆಯ ನಿದರ್ಶನ.

1963ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಆಸ್ಕಿ ಎಂಬ ಮಾನಕವು ಏಳು ಬಿಟ್‌ಗಳದ್ದು. ಅದರ 128 ಸ್ಥಾನಗಳಲ್ಲಿ, 1967ರ ಪರಿಷ್ಕರಣೆಯಲ್ಲಿ ನೆಲೆಗೊಂಡಂತೆ, 95 ಮಾತ್ರ ಕಾಗದದ ಮೇಲೆ ಮೂಡುವಂಥವು. ಅದನ್ನು ರಚಿಸಿದವರು ಯೂರೋಪನ್ನು ಪೂರ್ತಿ ಮರೆತಿದ್ದರೆನ್ನಲಾಗದು. ಅಂದಿನ ಟರ್ಮಿನಲ್ ಎಂದರೆ ಕಾಗದದ ಮೇಲೆ ಅಚ್ಚು ಮಾಡುವ ಯಂತ್ರ. ಆದ್ದರಿಂದ ಇ ಅಕ್ಷರ ಒತ್ತಿ, ಬ್ಯಾಕ್‌ಸ್ಪೇಸ್ ಎಂಬ ಹಿಂಜರಿವ ಸಂಕೇತ ಕಳಿಸಿ, ಅದರ ಮೇಲೆ ಉದ್ಧರಣ ಚಿಹ್ನೆಯನ್ನು ಹೊಡೆದರೆ ಏರುಗೆರೆಯ ಇ ಸಿದ್ಧವಾಗುತ್ತದೆ ಎಂಬುದು ಅವರ ಎಣಿಕೆಯಾಗಿತ್ತು. ಕೀಲಿಮಣೆಯ ಮೂಲೆಯಲ್ಲಿ ಇಂದು ಒಂಟಿಯಾಗಿ ನಿಂತಿರುವ ಇಳಿಗೆರೆ, ಅಲೆಗೆರೆ, ಟೋಪಿಯಂಥ ಚಿಹ್ನೆಗಳು ಆಸ್ಕಿಯೊಳಗೆ ಬಂದದ್ದೇ ಈ ಮೇಲುಹೊಡೆತಕ್ಕಾಗಿ. ಪ್ರೋಗ್ರಾಮರುಗಳು ಅವುಗಳಿಗೆ ಬೇರೆ ಅರ್ಥ ಕಟ್ಟಿದ್ದು ಆಮೇಲಿನ ಮಾತು.

ಈ ಎಣಿಕೆಯನ್ನು ಮುರಿದದ್ದು ಗಾಜಿನ ಪರದೆ. ಕಾಗದದ ಮೇಲೆ ಎರಡನೆಯ ಹೊಡೆತ ಮೊದಲನೆಯದರ ಜೊತೆ ಕೂಡಿಕೊಳ್ಳುತ್ತದೆ, ಪರದೆಯ ಮೇಲಾದರೋ ಎರಡನೆಯ ಅಕ್ಷರ ಮೊದಲನೆಯದನ್ನು ಅಳಿಸಿ ಅದರ ಜಾಗವನ್ನು ಹಿಡಿಯುತ್ತದೆ. 1970ರ ದಶಕದಲ್ಲಿ ಪರದೆಯ ಟರ್ಮಿನಲ್ಲುಗಳು ಹರಡಿ, ಅವುಗಳಿಗಾಗಿಯೇ ಬರ್ಕ್ಲಿಯಲ್ಲಿ ಬಿಲ್ ಜಾಯ್ ರೂಪಿಸಿದ ವಿಐ, ಎಂಐಟಿಯಲ್ಲಿ ರಿಚರ್ಡ್ ಸ್ಟಾಲ್ಮನ್ ಮತ್ತು ಸಂಗಡಿಗರು ಕಟ್ಟಿದ ಈಮ್ಯಾಕ್ಸ್ ಎಂಬ ಎಡಿಟರುಗಳು ಬಂದಾಗ, ಮೇಲುಹೊಡೆತದ ಉಪಾಯ ಕೆಲಸಕ್ಕೆ ಬಾರದಂತಾಗಿತ್ತು. ಅದಕ್ಕೆ ಬದಲಿಯಾಗಿ ಬೇರೊಂದು ಉಪಾಯ ಆ ಸಂಕೇತದಲ್ಲಿರಲಿಲ್ಲ.

ಯೂರೋಪಿನ ದೇಶಗಳು ಆಗ ಹಿಡಿದ ದಾರಿ ಸ್ಥಾನಪಲ್ಲಟದ್ದು. ಆಸ್ಕಿಯನ್ನು ಅಂತರರಾಷ್ಟ್ರೀಯ ಮಾನಕವಾಗಿ ಒಪ್ಪಿಕೊಂಡ ಐಎಸ್‌ಒ 646, ಚೌಕ ಆವರಣ, ಪುಷ್ಪ ಆವರಣ, ಹಿಂದೋರೆ ಗೆರೆ ಮುಂತಾದ ಕೆಲವು ಸ್ಥಾನಗಳನ್ನು ಆಯಾ ದೇಶ ತನ್ನ ಅಕ್ಷರಗಳಿಗೆ ಬಳಸಿಕೊಳ್ಳಲು ಬಿಟ್ಟಿತು. ಜರ್ಮನರು ಅಲ್ಲಿ ಜೋಡಿಚುಕ್ಕೆಯ ಸ್ವರಗಳನ್ನು ಇರಿಸಿದರು, ಫ್ರೆಂಚರು ಎಡ ಪುಷ್ಪಾವರಣದ ಜಾಗದಲ್ಲಿ ಏರುಗೆರೆಯ ಇ ಇರಿಸಿದರು, ಸ್ವೀಡನ್ನಿನವರೂ ಡೆನ್ಮಾರ್ಕಿನವರೂ ತಂತಮ್ಮ ವರ್ಣಮಾಲೆಯ ಕೊನೆಯ ಮೂರು ಅಕ್ಷರಗಳಿಗೆ ಎಡೆ ಮಾಡಿದರು. ಪತ್ರ ಬರೆಯುವವನಿಗೆ ಇದು ಅನುಕೂಲವೇ ಆದರೂ, ಪುಷ್ಪಾವರಣಗಳಿಲ್ಲದೆ ಒಂದು ಹೆಜ್ಜೆಯೂ ಮುಂದಿಡದ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ಸ್ವೀಡನ್ನಿನವನಿಗೆ ಪರದೆಯ ಮೇಲೆ ಆವರಣದ ಬದಲು ತನ್ನ ಭಾಷೆಯ ಸ್ವರಗಳೇ ಕಾಣತೊಡಗಿದವು. 1989ರ ಸಿ ಭಾಷೆಯ ಅಮೆರಿಕನ್ ಮಾನಕವು ಇದಕ್ಕಾಗಿಯೇ ಟ್ರೈಗ್ರಾಫ್ ಎಂಬ ಒಂಬತ್ತು ಬದಲಿ ಜೋಡಣೆಗಳನ್ನು ಒದಗಿಸಿತು; ಎರಡು ಪ್ರಶ್ನಾರ್ಥಕ ಚಿಹ್ನೆಗಳ ಮುಂದೆ ಇನ್ನೊಂದು ಚಿಹ್ನೆ ಇಟ್ಟು ಇಲ್ಲದ ಆವರಣವನ್ನು ಸೂಚಿಸುವ ಕ್ರಮವಿದು. ಇದರ ಇನ್ನೊಂದು ಪಳೆಯುಳಿಕೆ 1988ರಲ್ಲಿ ಫಿನ್‌ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಐಆರ್‌ಸಿ ಎಂಬ ಮಾತುಕತೆಯ ಜಾಲದಲ್ಲಿದೆ: ಅದರ ನಿಯಮಾವಳಿಯ ಪ್ರಕಾರ ಪುಷ್ಪಾವರಣವು ಚೌಕ ಆವರಣದ ಸಣ್ಣಕ್ಷರ, ಏಕೆಂದರೆ ಆ ನಾಡಿನ ಪರದೆಗಳಲ್ಲಿ ಅವು ನಿಜವಾಗಿಯೂ ಒಂದೇ ಸ್ವರದ ಸಣ್ಣ ಮತ್ತು ದೊಡ್ಡ ರೂಪಗಳಾಗಿದ್ದವು.

ಜಾಗದ ಕೊರತೆಗೆ ನೇರವಾದ ಮದ್ದು ಎಂಟನೆಯ ಬಿಟ್ ಆಗಿತ್ತು. ಅದನ್ನು ಸೇರಿಸಿಕೊಂಡರೆ 128 ಇದ್ದ ಸ್ಥಾನಗಳು 256 ಆಗುತ್ತವೆ. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1983ರಲ್ಲಿ ಹೊರತಂದ ವಿಟಿ220 ಟರ್ಮಿನಲ್ ಇಂಥದೊಂದು ಬಹುರಾಷ್ಟ್ರೀಯ ಅಕ್ಷರಗಣವನ್ನೂ, ಕಂಪೋಸ್ ಎಂಬ ಹೊಸ ಕೀಲಿಯನ್ನೂ ಪಡೆದಿತ್ತು; ಕಂಪೋಸ್ ಒತ್ತಿ ಅನಂತರ ಅಕ್ಷರವನ್ನೂ ಚಿಹ್ನೆಯನ್ನೂ ಒತ್ತಿದರೆ ಅವೆರಡೂ ಕೂಡಿದ ಅಕ್ಷರ ದೊರೆಯುತ್ತಿತ್ತು. ಆ ಅಕ್ಷರಗಣವನ್ನು ಹತ್ತಿರದಿಂದ ಅನುಸರಿಸಿ 1987ರಲ್ಲಿ ಲ್ಯಾಟಿನ್-1 ಎಂದು ಪ್ರಸಿದ್ಧವಾದ ಐಎಸ್‌ಒ 8859-1 ರೂಪುಗೊಂಡಿತು. ಅದರಲ್ಲಿ ಏರುಗೆರೆಯ ಇ 233ನೆಯ ಸ್ಥಾನದಲ್ಲಿದೆ. ಫ್ರೆಂಚಿಗೆ ಬೇಕಾದ ಒ ಮತ್ತು ಇ ಬೆಸೆದ ಅಕ್ಷರ ಮಾತ್ರ ಈ ದಾಟುವಿಕೆಯಲ್ಲಿ ಕೈಬಿಟ್ಟುಹೋಗಿ, ಅದರ ಸ್ಥಾನದಲ್ಲಿ ಗುಣಾಕಾರ ಮತ್ತು ಭಾಗಾಕಾರದ ಚಿಹ್ನೆಗಳು ಕೂತವು. ಅದು ಮರಳಿದ್ದು 1999ರ 8859-15ರಲ್ಲಿ.

ಸಂಕೇತ ಸಿದ್ಧವಾದ ಮೇಲೆಯೇ ಎಡಿಟರುಗಳ ನಿಜವಾದ ತೊಂದರೆ ಬಯಲಾಯಿತು, ಏಕೆಂದರೆ ಖಾಲಿ ಎಂದು ತಿಳಿದಿದ್ದ ಎಂಟನೆಯ ಬಿಟ್‌ನಲ್ಲಿ ಬಹಳ ಹಿಂದೆಯೇ ಬೇರೆಯವರು ಒಕ್ಕಲು ಹೂಡಿದ್ದರು. ಯುನಿಕ್ಸ್ ವ್ಯವಸ್ಥೆಯ ಬೋರ್ನ್ ಶೆಲ್ ಎಂಬ ಆಜ್ಞಾಗ್ರಾಹಕವೂ ಮೂಲ ವಿಐ ಎಡಿಟರೂ ಉದ್ಧರಿತ ಅಕ್ಷರಗಳಿಗೆ ಗುರುತು ಹಚ್ಚಲು ಅದನ್ನು ಬಳಸುತ್ತಿದ್ದವು. ಈಮ್ಯಾಕ್ಸ್‌ನಲ್ಲಿ ಅದು ಮೆಟಾ ಎಂಬ ಆಜ್ಞಾಕೀಲಿಯ ಗುರುತಾಗಿತ್ತು. ಟರ್ಮಿನಲ್ಲಿನ ತಂತಿಯಲ್ಲಿ ಅದು ತಪ್ಪು ಪತ್ತೆಹಚ್ಚುವ ಪ್ಯಾರಿಟಿ ಬಿಟ್ ಆಗಿದ್ದುದರಿಂದ, ಯುನಿಕ್ಸ್ ಅದನ್ನು ಬಾಗಿಲಲ್ಲೇ ಕತ್ತರಿಸಿ ಹಾಕುವ ಏರ್ಪಾಡು ಇಟ್ಟುಕೊಂಡಿತ್ತು. 233ರಿಂದ ಎಂಟನೆಯ ಬಿಟ್‌ನ ಬೆಲೆಯಾದ 128 ಕಳೆದರೆ 105 ಉಳಿಯುತ್ತದೆ, ಅದು ಐ ಅಕ್ಷರದ ಸ್ಥಾನ. ಹೀಗಾಗಿ ಬೇಸಿಗೆ ಎಂಬರ್ಥದ, ಮೊದಲೂ ಕೊನೆಯೂ ಏರುಗೆರೆಯ ಇ ಇರುವ ಮೂರಕ್ಷರದ ಫ್ರೆಂಚ್ ಪದವು ಐ, ಟಿ, ಐ ಎಂದು ಮೂಡುತ್ತಿತ್ತು. ಸ್ಪ್ಯಾನಿಷಿನ ಅಲೆಗೆರೆಯ ಎನ್ ಕ್ಯು ಆಗುತ್ತಿತ್ತು. ಜರ್ಮನ್ನಿನ ಜೋಡಿಚುಕ್ಕೆಯ ಯು ಬರಿಯ ನೆಟ್ಟಗೆರೆಯಾಗುತ್ತಿತ್ತು. ಈಮ್ಯಾಕ್ಸ್‌ನಲ್ಲಿಯಾದರೆ ಅದೇ ಏರುಗೆರೆಯ ಇ, ಮೆಟಾ ಮತ್ತು ಐ ಒಟ್ಟಿಗೆ ಒತ್ತಿದಂತೆ ಓದಿಸಿಕೊಂಡು, ಅಕ್ಷರ ಮೂಡುವ ಬದಲು ಆಜ್ಞೆಯೊಂದು ನಡೆದುಬಿಡುತ್ತಿತ್ತು.

ಈ ರೋಗಕ್ಕೆ ಒಂದೇ ಮದ್ದು ಸಾಲುತ್ತಿರಲಿಲ್ಲ, ಏಕೆಂದರೆ ಕೀಲಿಯಿಂದ ಕಡತದವರೆಗಿನ ದಾರಿಯಲ್ಲಿ ಅಕ್ಷರ ಹಲವು ಕೈಗಳನ್ನು ದಾಟಬೇಕಿತ್ತು. ಟರ್ಮಿನಲ್ ಮಾರ್ಗವನ್ನು ಸರಿಪಡಿಸಲು ಎಸ್‌ಟಿಟಿವೈ ಆಜ್ಞೆಯಿಂದ ಐಸ್ಟ್ರಿಪ್ ಎಂಬ ಕತ್ತರಿಯನ್ನು ನಿಲ್ಲಿಸಿ ಎಂಟು ಬಿಟ್ ಸಾಗಾಟವನ್ನು ಕೇಳಬೇಕಿತ್ತು. ಬ್ಯಾಷ್ ಶೆಲ್ ಬಳಸುವ ರೀಡ್‌ಲೈನ್ ಎಂಬ ಸಾಲುತಿದ್ದುವ ಭಾಗದಲ್ಲಿ ಕನ್ವರ್ಟ್-ಮೆಟಾ ಎಂಬ ಆಯ್ಕೆಯನ್ನು ಮುಚ್ಚಿ, ಇನ್‌ಪುಟ್-ಮೆಟಾ ಮತ್ತು ಔಟ್‌ಪುಟ್-ಮೆಟಾ ಎಂಬವನ್ನು ತೆರೆಯಬೇಕಿತ್ತು. 1989ರ ಸಿ ಮಾನಕ ತಂದ ಲೊಕೇಲ್, ಅಂದರೆ ಬಳಕೆದಾರನ ಭಾಷೆ ಮತ್ತು ಅಕ್ಷರಗಣದ ಘೋಷಣೆ, ಇನ್ನೊಂದು ಮೆಟ್ಟಿಲು. ತಂತ್ರಾಂಶ ತಾನಾಗಿ ಕೇಳಿಕೊಳ್ಳದ ಹೊರತು ಸಿ ಎಂಬ ಹೆಸರಿನ ಕನಿಷ್ಠ ಲೊಕೇಲಿನಲ್ಲಿಯೇ ಆರಂಭವಾಗುವುದರಿಂದ, ಆ ಘೋಷಣೆ ಬಿಟ್ಟುಹೋದ ಕಡೆ ಕೀಲಿಮಣೆ ಸರಿಯಿದ್ದರೂ ಕಂಪೋಸ್ ಕೀಲಿ ಮೂಕವಾಗುತ್ತಿತ್ತು. ಯಾವ ಕೈಯಲ್ಲಿ ಅಕ್ಷರ ಕೆಟ್ಟಿತೆಂದು ತಿಳಿಯದೆ ಎಲ್ಲ ಕಡೆಯೂ ತಿದ್ದಹೊರಟವರು, ಸರಿಯಿದ್ದ ಕಡೆಯೂ ಕೆಡಿಸಿಕೊಂಡದ್ದು ಸಾಮಾನ್ಯ.

ಈ ನಡುವೆ ಪ್ರತಿಯೊಂದು ಯಂತ್ರವೂ ತನ್ನದೇ ಬೆರಳಿನ ಅಭ್ಯಾಸವನ್ನು ಬೆಳೆಸಿತು. 1981ರ ಐಬಿಎಂ ಪಿಸಿಯಲ್ಲಿ ಏರುಗೆರೆಯ ಇ 130ನೆಯ ಸ್ಥಾನದಲ್ಲಿದ್ದುದರಿಂದ ಆಲ್ಟ್ ಕೀಲಿ ಹಿಡಿದು 130 ಒತ್ತುವುದು ರೂಢಿಯಾಯಿತು. ವಿಂಡೋಸ್‌ನಲ್ಲಿ ಅದು 0233 ಆಯಿತು. 1984ರ ಮೆಕಿಂಟಾಷ್ ಸತ್ತ ಕೀಲಿಯನ್ನು ಬದುಕಿಸಿ, ಆಪ್ಷನ್ ಮತ್ತು ಇ ಒತ್ತಿದ ಮೇಲೆ ಬರುವ ಸ್ವರಕ್ಕೆ ಏರುಗೆರೆ ತೊಡಿಸಿತು. ಡೊನಾಲ್ಡ್ ಕ್ನೂತರ ಟೆಕ್ ಎಂಬ ಅಕ್ಷರಜೋಡಣೆಯ ವ್ಯವಸ್ಥೆಯಲ್ಲಿ ಬರಹಗಾರನು ಎಡಿಟರಿನ ಗೊಡವೆಗೇ ಹೋಗದೆ ಹಿಂದೋರೆ ಗೆರೆ, ಉದ್ಧರಣ ಚಿಹ್ನೆ, ಇ ಎಂಬ ಮೂರು ಆಸ್ಕಿ ಅಕ್ಷರಗಳಲ್ಲಿ ಅದನ್ನು ಬರೆಯುತ್ತಿದ್ದ. ಆದರೆ ಹೀಗೆ ಕೂಡಿಸಿದ ಚಿಹ್ನೆ ಇರುವ ಪದವನ್ನು ಸಾಲಿನ ಕೊನೆಯಲ್ಲಿ ಒಡೆಯಲು ಟೆಕ್‌ಗೆ ಬರುತ್ತಿರಲಿಲ್ಲ. ಯೂರೋಪಿನ ಬಳಕೆದಾರರ ಒತ್ತಾಯಕ್ಕೆ ಮಣಿದ ಕ್ನೂತ್ 1990ರ ಮೂರನೆಯ ಆವೃತ್ತಿಯಲ್ಲಿ ಎಂಟು ಬಿಟ್‌ಗಳ ಅಕ್ಷರಗಳಿಗೆ ದಾರಿ ತೆರೆದರು. ಬ್ರಾಮ್ ಮೂಲೆನಾರ್ 1991ರಲ್ಲಿ ಬಿಡುಗಡೆ ಮಾಡಿದ ವಿಮ್ ಎಡಿಟರಿನಲ್ಲಿ ಡೈಗ್ರಾಫ್ ಎಂಬ ಎರಡಕ್ಷರದ ಸಂಜ್ಞೆಗಳಿವೆ. ಅದರ ಒಂದು ಆಯ್ಕೆಯನ್ನು ತೆರೆದರೆ ಇ, ಬ್ಯಾಕ್‌ಸ್ಪೇಸ್, ಉದ್ಧರಣ ಚಿಹ್ನೆ ಎಂಬ ಕ್ರಮದಲ್ಲಿ ಒತ್ತಿ ಏರುಗೆರೆಯ ಇ ಪಡೆಯಬಹುದು. ಕಾಗದದ ಟರ್ಮಿನಲ್ಲಿನ ಮೇಲುಹೊಡೆತವು, ಕಾಗದವೇ ಇಲ್ಲದ ಕಾಲದಲ್ಲಿ, ಹೀಗೆ ಅಭಿನಯವಾಗಿ ಉಳಿದುಬಂದಿದೆ.

ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಪಟ್ಟಿಯನ್ನು ಕಟ್ಟುವ ಯೂನಿಕೋಡಿನ ಮೊದಲ ಆವೃತ್ತಿ 1991ರಲ್ಲಿ ಬಂದಿತು. ಅದರ ಸಂಖ್ಯೆಗಳನ್ನು ಹಳೆಯ ಆಸ್ಕಿ ಕೆಡದಂತೆ ಬೈಟ್‌ಗಳಲ್ಲಿ, ಅಂದರೆ ಎಂಟು ಬಿಟ್‌ಗಳ ಕಟ್ಟುಗಳಲ್ಲಿ, ಬರೆಯುವ ಯುಟಿಎಫ್-8 ಕ್ರಮವನ್ನು 1992ರ ಸೆಪ್ಟೆಂಬರಿನಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದರು. ಇದರಲ್ಲಿ ಏರುಗೆರೆಯ ಇ 195 ಮತ್ತು 169 ಎಂಬ ಎರಡು ಬೈಟ್‌ಗಳಾಗುತ್ತದೆ. ಒಂದು ಬೈಟ್ ಎಂದರೆ ಒಂದು ಅಕ್ಷರ ಎಂದು ಲೆಕ್ಕ ಹಾಕುತ್ತಿದ್ದ ಎಡಿಟರ್ ಅದನ್ನು ಲ್ಯಾಟಿನ್-1 ಎಂದು ಓದಿ, ಅಲೆಗೆರೆಯ ದೊಡ್ಡ ಎ ಮತ್ತು ಹಕ್ಕುಸ್ವಾಮ್ಯದ ಚಿಹ್ನೆ ಎಂಬ ಎರಡು ಗುರುತುಗಳನ್ನು ತೋರಿಸುತ್ತಿತ್ತು. ಎಡಿಟರುಗಳು ಒಳಗಿನಿಂದಲೇ ಬದಲಾಗಬೇಕಾಯಿತು. ಜಪಾನಿನ ತ್ಸುಕುಬಾದ ಎಲೆಕ್ಟ್ರೋಟೆಕ್ನಿಕಲ್ ಲ್ಯಾಬೊರೇಟರಿಯಲ್ಲಿ ಬೆಳೆದ ಮ್ಯೂಲ್ ಎಂಬ ಬಹುಭಾಷಾ ವ್ಯವಸ್ಥೆ 1997ರಲ್ಲಿ ಈಮ್ಯಾಕ್ಸ್‌ನ 20ನೆಯ ಆವೃತ್ತಿಯಲ್ಲಿ ಬೆರೆಯಿತು. 2001ರ ವಿಮ್ 6, ಎಡಿಟರಿನ ಒಳಗಿನ, ಕಡತದ ಮತ್ತು ಟರ್ಮಿನಲ್ಲಿನ ಸಂಕೇತಗಳನ್ನು ಮೂರು ಬೇರೆ ಬೇರೆ ಆಯ್ಕೆಗಳಾಗಿ ಬಿಡಿಸಿಟ್ಟಿತು. ಕಡತ ತೆರೆಯುವಾಗ ಮೊದಲು ಯುಟಿಎಫ್-8, ಕೊನೆಗೆ ಲ್ಯಾಟಿನ್-1 ಎಂದು ಪರೀಕ್ಷಿಸುವ ಅದರ ಕ್ರಮದ ಹಿಂದೆ ಸರಳವಾದ ತರ್ಕವಿದೆ: ಯುಟಿಎಫ್-8 ತನ್ನ ನಿಯಮಕ್ಕೆ ಹೊಂದದ ಬೈಟ್‌ಗಳನ್ನು ತಿರಸ್ಕರಿಸುತ್ತದೆ, ಲ್ಯಾಟಿನ್-1 ಯಾವುದನ್ನೂ ತಿರಸ್ಕರಿಸುವುದಿಲ್ಲ, ಎಲ್ಲಕ್ಕೂ ಹೂಂ ಎನ್ನುವ ಸಾಕ್ಷಿಯನ್ನು ಕೊನೆಯಲ್ಲಿ ಕರೆಯುವುದೇ ಸರಿ.

ಆದರೂ ಮೂಲಪ್ರಶ್ನೆಗೆ ಯೂನಿಕೋಡ್ ಒಂದು ಉತ್ತರ ಕೊಡದೆ ಎರಡನ್ನೂ ಒಪ್ಪಿಕೊಂಡಿತು. ಏರುಗೆರೆಯ ಇ ಒಂದೇ ಅಕ್ಷರವಾಗಿಯೂ ಇದೆ, ಇ ಮತ್ತು ಅದರ ಹಿಂದೆಯೇ ಬರುವ ಸಂಯೋಜಕ ಗೆರೆ ಎಂಬ ಜೋಡಿಯಾಗಿಯೂ ಇದೆ. ಕಣ್ಣಿಗೆ ಒಂದೇ ಆದ ಇವೆರಡು ಹುಡುಕಾಟದಲ್ಲಿ ಬೇರೆಯಾಗಬಾರದೆಂದು, ಒಂದು ರೂಪವನ್ನು ಇನ್ನೊಂದಕ್ಕೆ ತರುವ ಪ್ರಮಾಣೀಕರಣದ ನಿಯಮಗಳನ್ನು ಮಾಡಬೇಕಾಯಿತು. ಇಲ್ಲಿ ಕನ್ನಡವೂ ಅದೇ ಸಾಲಿನಲ್ಲಿ ನಿಲ್ಲುತ್ತದೆ. ಯೂನಿಕೋಡಿನ ಪ್ರಕಾರ ದೀರ್ಘ ಈಕಾರದ ಚಿಹ್ನೆಯು ಗುಡಿಸು ಮತ್ತು ದೀರ್ಘಚಿಹ್ನೆಗಳ ಜೋಡಿಗೆ ಸಮ; ಓಕಾರದ ಚಿಹ್ನೆಯು ಎತ್ವ, ಊಕಾರದ ಕೊಂಬು, ದೀರ್ಘ ಎಂಬ ಮೂರು ತುಂಡುಗಳಿಗೆ ಸಮ. ಫ್ರೆಂಚರ ಗೆರೆಗಾಗಿ ಬರೆದ ನಿಯಮವೇ ಕಾಗುಣಿತಕ್ಕೂ ಅನ್ವಯಿಸುತ್ತದೆ. ರೋಮನ್ ಲಿಪಿಯಲ್ಲಿ ಕನ್ನಡವನ್ನು ಬರೆಯುವ ವಿದ್ವಾಂಸರಿಗಂತೂ ಈ ಚರಿತ್ರೆ ನೇರವಾಗಿ ತಟ್ಟಿತು. ಬರೋ ಮತ್ತು ಎಮಿನೋ ಅವರ ದ್ರಾವಿಡ ನಿರುಕ್ತ ಕೋಶದಂಥ ಗ್ರಂಥಗಳಲ್ಲಿ ಬರುವ, ಮೂರ್ಧನ್ಯವನ್ನು ಸೂಚಿಸುವ ಕೆಳಚುಕ್ಕೆಯ ಟಿ, ಡಿ, ಎನ್, ಎಲ್‌ಗಳು ಲ್ಯಾಟಿನ್-1ರಲ್ಲಿ ಇರಲೇ ಇಲ್ಲವಾದ್ದರಿಂದ, ಅವನ್ನು ಎಡಿಟರಿನಲ್ಲಿ ನೇರವಾಗಿ ಬರೆಯಲು ಯೂನಿಕೋಡ್ ಬರಬೇಕಾಯಿತು.

ಕನ್ನಡದ ಸಾಮಾನ್ಯ ಓದುಗರೂ ಈ ಗೆರೆಗಳನ್ನು ತಿಳಿಯದೆಯೇ ಕಂಡಿದ್ದಾರೆ. ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳು ಕನ್ನಡದ ತುಂಡುಗಳನ್ನು ಯೂರೋಪಿನ ಅಕ್ಷರಗಳ ಸ್ಥಾನದಲ್ಲಿಯೇ ಇರಿಸಿದ್ದವು. ತಲೆಕಟ್ಟಿಗೆ ಸಿಕ್ಕಿದ್ದು ಇಳಿಗೆರೆಯ ದೊಡ್ಡ ಎ ಕೂರುವ 192ನೆಯ ಸ್ಥಾನ. ಫಾಂಟ್ ಇಲ್ಲದ ಯಂತ್ರದಲ್ಲಿ ಕನ್ನಡ ಎಂಬ ಪದ ಪಿ, ಪೌಂಡ್ ಚಿಹ್ನೆ, ಜರ್ಮನ್ನಿನ ಜೋಡಿ ಎಸ್, ಕ್ಯು ಇವುಗಳ ನಡುವೆ ಆ ಎ ಮೂರು ಬಾರಿ ಇಣುಕುವ ಸಾಲಾಗಿ ಕಾಣುತ್ತಿತ್ತು. ಯುಟಿಎಫ್-8ರಲ್ಲಿ ಬರೆದ ಕನ್ನಡವನ್ನು ಲ್ಯಾಟಿನ್-1 ಎಂದು ಓದಿದಾಗಲೂ ಅದೇ ಇಳಿಗೆರೆ ಬರುತ್ತದೆ, ಆದರೆ ಸಣ್ಣ ಎ ಮೇಲೆ. ಕನ್ನಡದ ಪ್ರತಿ ಅಕ್ಷರಸಂಕೇತವೂ 224 ಎಂಬ ಬೈಟ್‌ನಿಂದ ಆರಂಭವಾಗುತ್ತದೆ, ಅದು ಲ್ಯಾಟಿನ್-1ರಲ್ಲಿ ಆ ಅಕ್ಷರದ ಸ್ಥಾನ. ಕೆಟ್ಟ ಕಡತವನ್ನು ಸರಿಪಡಿಸಲು ಕೂತವರಿಗೆ ಇದೊಂದು ನಂಬಬಹುದಾದ ಗುರುತು: ಇಳಿಗೆರೆಯ ದೊಡ್ಡ ಎ ಸಾಲುಸಾಲಾಗಿ ಕಂಡರೆ ದೋಷ ಹಳೆಯ ಫಾಂಟಿನದು, ಪಠ್ಯವನ್ನು ಪರಿವರ್ತಿಸಬೇಕು, ಇಳಿಗೆರೆಯ ಸಣ್ಣ ಎ ಬೆನ್ನಿಗೆ ಮೇಲಂಕಿಯ 2 ಅಥವಾ 3 ಕಂಡರೆ ಪಠ್ಯ ಸರಿಯಾಗಿಯೇ ಇದೆ, ಓದುತ್ತಿರುವ ಎಡಿಟರಿಗೆ ಅದು ಯುಟಿಎಫ್-8 ಎಂದು ಹೇಳಿದರೆ ಸಾಕು.